ಈವ್ ಜೀನಿನ ಎರಡನೇ ಪಟ್ಟೆ: ಡಿಎನ್‌ಎಗೆ ಅಂಟುವ ಪ್ರೋಟೀನುಗಳ ಕೆಲಸವನ್ನು ನೀವೇ ಓದಿ ನೋಡುವುದು ಹೇಗೆ

ಬಿಎಸ್ಸಿ, ಎಂಎಸ್ಸಿ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಭ್ರೂಣದ ಎಲ್ಲ ನ್ಯೂಕ್ಲಿಯಸ್‌ಗಳಲ್ಲೂ ಇರುವುದು ಒಂದೇ ಡಿಎನ್‌ಎ ಅಲ್ವಾ? ಹಾಗಿದ್ದ ಮೇಲೆ ಒಂದು ಜೀನ್ ಇಲ್ಲಿ ಆನ್, ನಾಲ್ಕು ಹೆಜ್ಜೆ ಆಚೆ ಆಫ್ ಆಗುವುದು ಹೇಗೆ?" "ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು (ಡಿಎನ್‌ಎಗೆ ಅಂಟಿ ಜೀನನ್ನು ಆನ್ ಅಥವಾ ಆಫ್ ಮಾಡುವ ಪ್ರೋಟೀನುಗಳು) ಜೀನನ್ನು ನಿಯಂತ್ರಿಸುತ್ತವೆ" ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಹಾಗಾಗಿ ಒಂದೇ ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಹಣ್ಣುನೊಣದ ಈವನ್-ಸ್ಕಿಪ್ಡ್ ಜೀನ್, ಚಿಕ್ಕದಾಗಿ ಈವ್. ಮೊಟ್ಟೆ ಇಟ್ಟು ಮೂರು ಗಂಟೆ ಆಗುವ ಹೊತ್ತಿಗೆ ಈ ಜೀನ್ ಭ್ರೂಣದಲ್ಲಿ ಏಳು ಅಡ್ಡಪಟ್ಟೆಗಳಾಗಿ ಆನ್ ಆಗಿರುತ್ತದೆ. ತಲೆಯ ಕಡೆಯಿಂದ ಎಣಿಸಿದರೆ ಎರಡನೆಯದು ನಮ್ಮ ಪಟ್ಟೆ. ಜೀನ್ ನಿಯಂತ್ರಣದ ವಿಷಯದಲ್ಲಿ ಇಷ್ಟು ಚೆನ್ನಾಗಿ ಬಿಡಿಸಿ ನೋಡಿರುವ ಉದಾಹರಣೆಗಳು ತುಂಬಾ ಕಡಿಮೆ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಮಾವಿನ ತೋಟದವರು ಬೈಯುವ ಹಣ್ಣುನೊಣ ಬೇರೆ, ಅದು ಬ್ಯಾಕ್ಟ್ರೊಸೆರಾ. ಇಲ್ಲಿ ಹೇಳುತ್ತಿರುವುದು ಕಳಿತ ಬಾಳೆಹಣ್ಣಿಗೆ ಮುತ್ತಿಕೊಳ್ಳುವ, ಕೆಂಪು ಕಣ್ಣಿನ ಪುಟ್ಟ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್.

ಏನೇನು ಬೇಕು

ಇಂಟರ್‌ನೆಟ್ ಇರುವ ಕಂಪ್ಯೂಟರ್, ಒಂದು ಗ್ರಾಫ್ ಹಾಳೆ, ನಾಲ್ಕು ಬಣ್ಣದ ಪೆನ್ನು, ಕ್ಯಾಲ್ಕುಲೇಟರ್. ಜೊತೆಗೆ ನಾಲ್ಕು ಉಚಿತ ಜಾಲತಾಣಗಳು. ನೊಣದ ಜೀನುಗಳ ಮಾಹಿತಿಗೆ ಫ್ಲೈಬೇಸ್. ನಿಯಂತ್ರಣದ ತುಂಡುಗಳಿಗೆ ರೆಡ್‌ಫ್ಲೈ. ಯಾವ ಪ್ರೋಟೀನ್ ಡಿಎನ್‌ಎಯ ಯಾವ ಅಕ್ಷರಗಳನ್ನು (ಎ, ಟಿ, ಜಿ, ಸಿ) ಇಷ್ಟಪಡುತ್ತದೆ ಎಂದು ತಿಳಿಯಲು ಜಾಸ್ಪರ್. ಆ ಅಕ್ಷರಗಳನ್ನು ಹುಡುಕಲು ಮೀಮ್ ಸೂಟ್‌ನಲ್ಲಿರುವ ಫೈಮೊ. ಲ್ಯಾಬ್ ಬೇಡ. ಒಂದು ಭಾನುವಾರ ಸಾಕು.

ನಾಲ್ಕು ಪದಗಳು ಗೊತ್ತಿರಲಿ. ಎನ್‌ಹ್ಯಾನ್ಸರ್ ಅಂದರೆ ಜೀನಿನ ಹಿಂದೆಯೋ ಮುಂದೆಯೋ ಒಳಗೋ ಇರುವ, ಪ್ರೋಟೀನುಗಳು ಬಂದು ಕೂರುವ ಡಿಎನ್‌ಎ ತುಂಡು. ಆಕ್ಟಿವೇಟರ್ ಅಂದರೆ ಕೂತು ಜೀನನ್ನು ಆನ್ ಮಾಡುವ ಪ್ರೋಟೀನ್. ರಿಪ್ರೆಸರ್ ಅಂದರೆ ಆಫ್ ಮಾಡುವಂಥದ್ದು. ಮೋಟಿಫ್ ಅಂದರೆ ಒಂದು ಪ್ರೋಟೀನ್ ಹುಡುಕಿಕೊಂಡು ಬಂದು ಕೂರುವ ಚಿಕ್ಕ ಅಕ್ಷರಸಾಲು.

ಹಂತ 1: ಯಾವಾಗ ನೋಡುತ್ತಿದ್ದೀರಿ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ

ನೊಣದ ಭ್ರೂಣದಲ್ಲಿ ಮೊದಮೊದಲು ಕೋಶಗಳೇ ಇರುವುದಿಲ್ಲ. ನ್ಯೂಕ್ಲಿಯಸ್ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ 13 ಸಲ ಒಡೆಯುತ್ತದೆ. ನಡುವೆ ಗೋಡೆ ಏಳುವುದಿಲ್ಲ. ಇದಕ್ಕೆ ಸಿನ್ಸಿಷಿಯಮ್ ಎನ್ನುತ್ತಾರೆ. 14ನೇ ಸುತ್ತಿಗೆ ಬರುವ ಹೊತ್ತಿಗೆ ಸುಮಾರು 6,000 ನ್ಯೂಕ್ಲಿಯಸ್‌ಗಳು ಮೊಟ್ಟೆಯ ಹೊರಪದರದ ಕೆಳಗೆ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಆಗ ಅವುಗಳ ನಡುವೆ ಪೊರೆ ಇಳಿಯಲು ಶುರುವಾಗುತ್ತದೆ. ಈವ್ ಪಟ್ಟೆಗಳು ಸ್ಪಷ್ಟವಾಗುವುದು ಇದೇ ಸುತ್ತಿನಲ್ಲಿ, ಸುಮಾರು ಒಂದು ಗಂಟೆಯೊಳಗೆ.

ಗೋಡೆ ಇಲ್ಲ ಅನ್ನುವುದೇ ಇಲ್ಲಿ ಮುಖ್ಯ. ಪ್ರೋಟೀನುಗಳು ಒಂದು ನ್ಯೂಕ್ಲಿಯಸ್‌ನ ಅಕ್ಕಪಕ್ಕದಿಂದ ಇನ್ನೊಂದರ ಕಡೆಗೆ ಸಲೀಸಾಗಿ ಹರಡಬಹುದು. ಮನುಷ್ಯನ ಅಥವಾ ಇಲಿಯ ಭ್ರೂಣಕ್ಕೆ ಇದನ್ನು ಹಾಗೇ ಅನ್ವಯಿಸಬೇಡಿ.

ಎಚ್ಚರಿಕೆ: ಲೇಖನಗಳಲ್ಲಿ "ಸುತ್ತು 13", "ಸುತ್ತು 14ರ ಕೊನೆ" ಎಂದೆಲ್ಲ ಬರೆದಿರುತ್ತಾರೆ. ಅದನ್ನು ಹಾರಿಸಿ ಓದಬೇಡಿ. ಸುತ್ತು 14ರ ಮೊದಲಲ್ಲಿ ಪಟ್ಟೆ ಅಗಲ, ಮಸುಕು. ಕೊನೆಯಲ್ಲಿ ತೆಳು, ಚೂಪು. ಒಂದೇ ಜೀನಿನ ಎರಡು ಫೋಟೋ ಬೇರೆ ಬೇರೆ ಕಂಡರೆ ಮೊದಲು ಸಮಯ ನೋಡಿ.

ಹಂತ 2: ಯಾವ ಪ್ರೋಟೀನ್ ಎಲ್ಲೆಲ್ಲಿದೆ, ನಕ್ಷೆ ಬರೆಯಿರಿ

ಹೆಚ್ಚಿನವರು ಈ ಹಂತ ಬಿಟ್ಟು ನೇರ ಡಿಎನ್‌ಎಗೆ ಹೋಗುತ್ತಾರೆ. ಆಮೇಲೆ ಏನೂ ಅರ್ಥವಾಗದೆ ಕೂರುತ್ತಾರೆ. ಡಿಎನ್‌ಎ ಎಲ್ಲ ಕಡೆ ಒಂದೇ ಆದ್ದರಿಂದ ವ್ಯತ್ಯಾಸ ಬರಬೇಕಾದದ್ದು ಪ್ರೋಟೀನುಗಳಿಂದಲೇ. ಅವು ಎಲ್ಲಿವೆ ಎಂದು ಗೊತ್ತಿಲ್ಲದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆ ಎಳೆದು ಎಡತುದಿಗೆ 0, ಬಲತುದಿಗೆ 100 ಎಂದು ಬರೆಯಿರಿ. 0 ಅಂದರೆ ತಲೆಯ ತುದಿ, 100 ಅಂದರೆ ಬಾಲದ ತುದಿ. ಮೊಟ್ಟೆಯ ನಿಜವಾದ ಉದ್ದ ಸುಮಾರು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್.

ಮೊದಲ ಬಣ್ಣ ಬೈಕಾಯ್ಡ್. ಇದರ ಆರ್‌ಎನ್‌ಎಯನ್ನು ತಾಯಿ ನೊಣ ಮೊಟ್ಟೆಯ ಮುಂತುದಿಯಲ್ಲಿ ಇಟ್ಟಿರುತ್ತದೆ. ಪ್ರೋಟೀನ್ ಅಲ್ಲಿ ತಯಾರಾಗಿ ಹಿಂದಕ್ಕೆ ಹರಡುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಹಚ್ಚಿದ ಊದಿನಕಡ್ಡಿಯ ವಾಸನೆಯ ಹಾಗೆ, ಹತ್ತಿರ ಜಾಸ್ತಿ, ದೂರ ಹೋದಷ್ಟೂ ಕಡಿಮೆ. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಈ ಇಳಿಜಾರನ್ನು ತೋರಿಸಿಕೊಟ್ಟರು. ನೊಣದ ಭ್ರೂಣದ ಮೇಲಿನ ಕೆಲಸಕ್ಕೆ 1995ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ನ್ಯೂಸ್ಲೈನ್-ಫೋಲ್‌ಹಾರ್ಡ್ ಒಬ್ಬರು. ಉಳಿದಿಬ್ಬರು ಎರಿಕ್ ವೀಶೌಸ್ ಮತ್ತು ಎಡ್ವರ್ಡ್ ಲೂಯಿಸ್.

ಈ ಇಳಿಜಾರನ್ನು ನೀವೇ ಲೆಕ್ಕ ಹಾಕಬಹುದು. ಸುಮಾರು 100 ಮೈಕ್ರಾನ್ ಹಿಂದೆ ಹೋದಾಗಲೆಲ್ಲ, ಅಂದರೆ ಮೊಟ್ಟೆಯ ಉದ್ದದ ಶೇ. 20ಕ್ಕೊಮ್ಮೆ, ಬೈಕಾಯ್ಡ್ ಪ್ರಮಾಣ 2.7ನೇ ಒಂದು ಭಾಗಕ್ಕೆ ಇಳಿಯುತ್ತದೆ. ಮುಂತುದಿಯಲ್ಲಿ 100 ಇದ್ದರೆ ಶೇ. 20ರಲ್ಲಿ 37, ಶೇ. 40ರಲ್ಲಿ 14 ಅಥವಾ ಅದರ ಹತ್ತಿರ, ಶೇ. 60ರಲ್ಲಿ 5. ಈ ಬಿಂದುಗಳನ್ನು ಹಾಳೆಯಲ್ಲಿ ಗುರುತಿಸಿ ಸೇರಿಸಿ.

ಎರಡನೆಯದು ಹಂಚ್‌ಬ್ಯಾಕ್. ಮುಂದಿನ ಅರ್ಧದಲ್ಲಿ ಗಟ್ಟಿಯಾಗಿದ್ದು ನಡುವಿಗೆ ಬರುವಾಗ ಬೇಗ ಇಳಿಯುತ್ತದೆ. ತೀರಾ ಹಿಂದೆ ಇನ್ನೊಂದು ತುಂಡು ಇದೆ, ಸದ್ಯಕ್ಕೆ ಅದು ಬೇಡ. ಮೂರನೆಯದು ಜೈಂಟ್. ಇದು ಮುಂದೊಂದು, ಹಿಂದೊಂದು ಪಟ್ಟಿಯಲ್ಲಿದೆ. ನಮ್ಮ ಪಟ್ಟೆಗೆ ತಲೆಯ ಕಡೆಯದು ಬೇಕು. ನಾಲ್ಕನೆಯದು ಕ್ರೂಪೆಲ್, ಮೊಟ್ಟೆಯ ನಟ್ಟನಡುವೆ ಅಗಲವಾದ ಪಟ್ಟಿ.

ನಮ್ಮ ಪಟ್ಟೆಯ ಮಟ್ಟಿಗೆ ಬೈಕಾಯ್ಡ್, ಹಂಚ್‌ಬ್ಯಾಕ್ ಆನ್ ಮಾಡುವವರು; ಜೈಂಟ್, ಕ್ರೂಪೆಲ್ ಆಫ್ ಮಾಡುವವರು. ಈಗ ಹಾಳೆ ನೋಡಿ. ಸುಮಾರು ಶೇ. 40ರ ಹತ್ತಿರ, ಜೈಂಟ್ ಮುಗಿದು ಕ್ರೂಪೆಲ್ ಇನ್ನೂ ಜೋರಾಗದ ಒಂದು ಸಂದು ಕಾಣಿಸುತ್ತದೆ. ಅಲ್ಲಿ ಬೈಕಾಯ್ಡ್, ಹಂಚ್‌ಬ್ಯಾಕ್ ಎರಡೂ ಇವೆ. ಈವ್‌ನ ಎರಡನೇ ಪಟ್ಟೆ ಮೂಡುವುದು ಆ ಸಂದಿನಲ್ಲೇ. ಡಿಎನ್‌ಎಯ ಒಂದಕ್ಷರವನ್ನೂ ನೋಡದೆ ಅರ್ಧ ಉತ್ತರ ಸಿಕ್ಕಿತು.

ಹಂತ 3: ಎನ್‌ಹ್ಯಾನ್ಸರ್ ತುಂಡನ್ನು ತೆಗೆಯಿರಿ

ಏಳು ಪಟ್ಟೆಗೂ ಒಂದೇ ನಿಯಂತ್ರಣ ಇರಬೇಕು ಎಂದುಕೊಂಡಿರುತ್ತೀರಿ. ಇಲ್ಲ. 3 ಮತ್ತು 7ಕ್ಕೆ ಒಂದು ಎನ್‌ಹ್ಯಾನ್ಸರ್, 4 ಮತ್ತು 6ಕ್ಕೆ ಇನ್ನೊಂದು, 1ಕ್ಕೆ ಬೇರೆ, 5ಕ್ಕೆ ಬೇರೆ. ಎರಡನೇ ಪಟ್ಟೆಯದು ಜೀನ್ ಶುರುವಾಗುವ ಜಾಗಕ್ಕಿಂತ ಸುಮಾರು 1,070ರಿಂದ 1,550 ಅಕ್ಷರ ಮುಂಚೆ ಇದೆ. ಉದ್ದ ಸುಮಾರು 480 ಅಕ್ಷರ.

ರೆಡ್‌ಫ್ಲೈಗೆ ಹೋಗಿ ಜೀನಿನ ಹೆಸರಿನ ಜಾಗದಲ್ಲಿ ಈವ್ ಹಾಕಿ ಹುಡುಕಿ. ಸ್ಟ್ರೈಪ್ 2 ಎಂದಿರುವ ನಮೂದುಗಳು ಸಿಗುತ್ತವೆ. ಬೇರೆ ಬೇರೆ ಪ್ರಯೋಗಗಳಲ್ಲಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದ್ದರಿಂದ ಒಂದಕ್ಕಿಂತ ಹೆಚ್ಚು ಇರುತ್ತವೆ. 480ರ ಆಸುಪಾಸಿನದನ್ನು ಆರಿಸಿ, ಅಕ್ಷರಸಾಲನ್ನು ಕಾಪಿ ಮಾಡಿಕೊಳ್ಳಿ.

ಇಲ್ಲಿ ಜನ ಎಡವುವ ಎರಡು ಜಾಗಗಳಿವೆ. ಒಂದು, ಜೀನೋಮ್ ಆವೃತ್ತಿ. ಹಳೆಯ ಲೇಖನಗಳಲ್ಲಿ ಇರುವ ವಿಳಾಸದ ಅಂಕಿಗಳು ಐದನೇ ಆವೃತ್ತಿಯವು ಅಥವಾ ಅದಕ್ಕೂ ಹಿಂದಿನವು. ಈಗ ಫ್ಲೈಬೇಸ್ ತೋರಿಸುವುದು ಆರನೆಯದು. ಹಳೆಯ ಅಂಕಿಯನ್ನು ಹೊಸದರಲ್ಲಿ ಹಾಕಿದರೆ ಎಲ್ಲೋ ಬೇರೆ ಕಡೆ ಹೋಗಿ ನಿಲ್ಲುತ್ತೀರಿ. ಫ್ಲೈಬೇಸ್‌ನಲ್ಲೇ ಅಂಕಿ ಬದಲಾಯಿಸುವ ಸೌಲಭ್ಯ ಇದೆ. ಎರಡು, ಹೆಸರು. ಇಂಗ್ಲಿಷ್‌ನಲ್ಲಿ ಬರೆಯುವಾಗ ಜೀನಿನ ಹೆಸರನ್ನು ಓರೆ ಅಕ್ಷರದಲ್ಲಿ, ಪ್ರೋಟೀನಿನದನ್ನು ನೇರ ಅಕ್ಷರದಲ್ಲಿ ಹಾಕುತ್ತಾರೆ. ಬೈಕಾಯ್ಡ್ ಜೀನ್ ಬಗ್ಗೆ ಹೇಳಿದ್ದನ್ನು ಪ್ರೋಟೀನ್ ಬಗ್ಗೆ ಹೇಳಿದ್ದು ಎಂದು ಓದಿಕೊಂಡರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ.

ಹಂತ 4: ಪ್ರೋಟೀನ್ ಕೂರುವ ತಾಣ ಹುಡುಕಿ

ಮೊದಲು ಪ್ರೋಟೀನ್ ಅಕ್ಷರ ಓದುವುದು ಹೇಗೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೈಕಾಯ್ಡ್‌ನಲ್ಲಿ ಹೋಮಿಯೊಡೊಮೇನ್ ಎಂಬ ಭಾಗವಿದೆ, 60 ಅಮೈನೊ ಆಮ್ಲಗಳದ್ದು. ಅದು ಮಡಚಿಕೊಂಡು ಮೂರು ಸುರುಳಿಗಳಾಗುತ್ತದೆ. ಮೂರನೇ ಸುರುಳಿ ಡಿಎನ್‌ಎಯ ಎರಡೆಳೆಗಳ ನಡುವಿನ ಅಗಲವಾದ ತೋಡಿನಲ್ಲಿ ಮಲಗುತ್ತದೆ. ಅಲ್ಲಿಂದ ಅದರ ಅಮೈನೊ ಆಮ್ಲಗಳು ಡಿಎನ್‌ಎ ಅಕ್ಷರಗಳ ಅಂಚನ್ನು ಮುಟ್ಟುತ್ತವೆ. ಎಳೆಗಳನ್ನು ಬಿಚ್ಚಬೇಕಾಗಿಯೇ ಇಲ್ಲ.

ಈ 60ರಲ್ಲಿ 50ನೇ ಜಾಗ ನೋಡುವಂಥದ್ದು. ಬೈಕಾಯ್ಡ್‌ನಲ್ಲಿ ಅಲ್ಲಿ ಲೈಸಿನ್ ಇದೆ. ಅದರಿಂದ ಬೈಕಾಯ್ಡ್ ಟಿಎಎಟಿ ಆದ ಮೇಲೆ ಸಿಸಿ ಇರುವ ಜಾಗ ಹುಡುಕುತ್ತದೆ: ಟಿಎಎಟಿಸಿಸಿ. ಆಂಟೆನಪೀಡಿಯಾದಂಥ ಬೇರೆ ಹೋಮಿಯೊಡೊಮೇನ್‌ಗಳಲ್ಲಿ ಅದೇ ಜಾಗದಲ್ಲಿ ಗ್ಲುಟಮಿನ್. ಅವುಗಳ ರುಚಿಯೇ ಬೇರೆ. ಆ ಒಂದು ಅಮೈನೊ ಆಮ್ಲ ಬದಲಾಯಿಸಿದರೆ ಪ್ರೋಟೀನ್ ಹುಡುಕುವ ಅಕ್ಷರವೂ ಬದಲಾಗುತ್ತದೆ ಎಂದು 1989ರಲ್ಲೇ ತೋರಿಸಿದ್ದಾರೆ. ಹಂಚ್‌ಬ್ಯಾಕ್ ಮತ್ತು ಕ್ರೂಪೆಲ್ ಜಿಂಕ್ ಫಿಂಗರ್ ಜಾತಿಯವು, ಅಂದರೆ ಸತುವಿನ ಅಯಾನನ್ನು ಹಿಡಿದು ಬೆರಳಿನಾಕಾರಕ್ಕೆ ಮಡಚಿಕೊಂಡ ಭಾಗಗಳಿಂದ ಡಿಎನ್‌ಎ ಹಿಡಿಯುತ್ತವೆ. ಜೈಂಟ್ ಇನ್ನೊಂದು ಜಾತಿ, ಎರಡೆರಡು ಜೋಡಿಯಾಗಿ ಕೂರುತ್ತದೆ.

ಈಗ ಕೆಲಸ. ಜಾಸ್ಪರ್‌ನಲ್ಲಿ ಕೀಟಗಳ ವಿಭಾಗ ಆರಿಸಿ, ನಾಲ್ಕೂ ಪ್ರೋಟೀನುಗಳ ಮೋಟಿಫ್ ಇಳಿಸಿಕೊಳ್ಳಿ. ಫೈಮೊಗೆ ಆ ಮೋಟಿಫ್‌ಗಳನ್ನೂ 480 ಅಕ್ಷರದ ಸಾಲನ್ನೂ ಕೊಡಿ. ಎರಡೂ ಎಳೆಗಳಲ್ಲಿ ಹುಡುಕಲು ಹೇಳಿ. ಟಿಎಎಟಿಸಿಸಿ ಎದುರು ಎಳೆಯಲ್ಲಿ ಜಿಜಿಎಟಿಟಿಎ ಎಂದು ಕಾಣುತ್ತದೆ, ಕಣ್ಣಲ್ಲೇ ಹುಡುಕುವವರು ಇದನ್ನು ಬಿಟ್ಟುಬಿಡುತ್ತಾರೆ. ಸಿಕ್ಕ ತಾಣಗಳನ್ನು ಬೇರೆ ಹಾಳೆಯಲ್ಲಿ ಉದ್ದಗೆರೆ ಎಳೆದು ಅದೇ ನಾಲ್ಕು ಬಣ್ಣದಲ್ಲಿ ಗುರುತಿಸಿ.

ಪ್ರಯೋಗದಲ್ಲಿ ಈ ತುಂಡಿನೊಳಗೆ ಗುರುತಿಸಿದ್ದು 12 ತಾಣ. ಬೈಕಾಯ್ಡ್‌ಗೆ 5, ಹಂಚ್‌ಬ್ಯಾಕ್‌ಗೆ 1, ಕ್ರೂಪೆಲ್‌ಗೆ 3, ಜೈಂಟ್‌ಗೆ 3. ನಿಮ್ಮ ಪಟ್ಟಿ ಇದಕ್ಕೆ ಸರಿಯಾಗಿ ಹೊಂದದಿದ್ದರೆ ಗಾಬರಿ ಬೇಡ. ಎಲ್ಲ ತಾಣಗಳೂ ಪುಸ್ತಕದಲ್ಲಿರುವಷ್ಟು ಅಚ್ಚುಕಟ್ಟಾಗಿಲ್ಲ. ಅಕ್ಷರಗಳು ಆಕಸ್ಮಿಕವಾಗಿ ಅಷ್ಟು ಹೊಂದುವ ಸಾಧ್ಯತೆಗೆ (ಪಿ-ವ್ಯಾಲ್ಯೂ) ಫೈಮೊ ತಾನಾಗಿ ಇಟ್ಟುಕೊಳ್ಳುವ ಮಿತಿ 0.0001. ಅದನ್ನು 0.001 ಮಾಡಿದರೆ ದುರ್ಬಲ ತಾಣಗಳೂ ಬರುತ್ತವೆ. ಜೊತೆಗೆ ಕಸವೂ ಬರುತ್ತದೆ.

ಆ ಕಸದ ಬಗ್ಗೆಯೇ ದೊಡ್ಡ ಎಚ್ಚರಿಕೆ. ಆರಕ್ಷರದ ಒಂದು ಸಾಲು ಸುಮ್ನೆ ಆಕಸ್ಮಿಕವಾಗಿ ಎಷ್ಟು ಸಲ ಬರಬಹುದು? ನಾಲ್ಕನ್ನು ಆರು ಸಲ ಗುಣಿಸಿ: 4,096. ಎರಡೂ ಎಳೆ ಸೇರಿದರೆ 2,048 ಅಕ್ಷರಕ್ಕೊಮ್ಮೆ. ನೊಣದ ಜೀನೋಮ್‌ನಲ್ಲಿ ಜೀನುಗಳು ಹೆಚ್ಚಾಗಿರುವ ಭಾಗ ಸುಮಾರು 12 ಕೋಟಿ ಅಕ್ಷರ. ಭಾಗಿಸಿ ನೋಡಿ, 58,000ಕ್ಕೂ ಜಾಸ್ತಿ. ನಾಲ್ಕೂ ಅಕ್ಷರ ಸಮನಾಗಿವೆ ಎಂದುಕೊಂಡ ಒರಟು ಲೆಕ್ಕ ಇದು, ಆದರೂ ಅಂದಾಜು ಸಿಕ್ಕಿತಲ್ಲ. ಇಡೀ ನೊಣದಲ್ಲಿ ಇರುವುದೇ ಸುಮಾರು 14,000 ಪ್ರೋಟೀನ್ ಜೀನುಗಳು. ಅಂದಮೇಲೆ "ಇಲ್ಲೊಂದು ಬೈಕಾಯ್ಡ್ ತಾಣ ಸಿಕ್ಕಿತು, ಆದ್ದರಿಂದ ಬೈಕಾಯ್ಡ್ ಈ ಜೀನನ್ನು ನಿಯಂತ್ರಿಸುತ್ತದೆ" ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯಲೇಬೇಡಿ. 480 ಅಕ್ಷರದಲ್ಲಿ ಐದು ಬೈಕಾಯ್ಡ್ ತಾಣ, ಅವುಗಳ ಜೊತೆಯಲ್ಲೇ ಬೇರೆ ಪ್ರೋಟೀನುಗಳ ಏಳು ತಾಣ ಒತ್ತೊತ್ತಾಗಿ ಇರುವುದು ಗಮನ ಕೊಡಬೇಕಾದ ಸಂಗತಿ. ಒಂಟಿ ತಾಣಕ್ಕೆ ಅಷ್ಟು ಬೆಲೆಯಿಲ್ಲ.

"ಹಾಗಾದರೆ ಚಿಪ್ ಪ್ರಯೋಗದಲ್ಲಿ ಪ್ರೋಟೀನ್ ಅಲ್ಲಿ ಕೂತಿರುವುದೇ ಕಂಡಿದೆಯಲ್ಲ?" ಎಂದು ಕೇಳಬಹುದು. ಚಿಪ್ ಅಂದರೆ ಭ್ರೂಣದೊಳಗೆ ಪ್ರೋಟೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿತ್ತು ಎಂದು ಹಿಡಿದು ನೋಡುವ ವಿಧಾನ. ಅದರಲ್ಲಿ ಸಾವಿರಾರು ಜಾಗ ಸಿಗುತ್ತದೆ, ಅವುಗಳಲ್ಲಿ ಎಷ್ಟೋ ಕಡೆ ಪ್ರೋಟೀನ್ ಕೂತರೂ ಏನೂ ನಡೆಯುವುದಿಲ್ಲ. ಇನ್ನೊಂದು ಕಡೆ, ಒಳ್ಳೆಯ ತಾಣವೇ ಇದ್ದರೂ ಡಿಎನ್‌ಎ ಹಿಸ್ಟೋನ್ ಎಂಬ ಉಂಡೆಯಂಥ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರೆ ಪ್ರೋಟೀನಿಗೆ ಕೂರಲು ಆಗುವುದಿಲ್ಲ. ಎಳೆಯ ಭ್ರೂಣದಲ್ಲಿ ಅದನ್ನು ಬಿಡಿಸಿಕೊಡುವ ಮುಖ್ಯ ಪ್ರೋಟೀನ್ ಝೆಲ್ಡಾ, ಅದು ಹುಡುಕುವುದು ಸಿಎಜಿಜಿಟಿಎಜಿ. ನಾಲ್ಕು ಬಣ್ಣದ ಜೊತೆ ಐದನೆಯದು ಇದ್ದರೆ ಇದನ್ನೂ ಗುರುತಿಸಿ.

ಹಂತ 5: ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಓದಿ

ಒಂದು ಹಾಳೆಯಲ್ಲಿ ಪ್ರೋಟೀನುಗಳ ನಕ್ಷೆ, ಇನ್ನೊಂದರಲ್ಲಿ ತಾಣಗಳು. ಈಗ ಒಂದೊಂದೇ ಜಾಗಕ್ಕೆ ಹೋಗಿ ಕೇಳಿ: ಇಲ್ಲಿರುವ ನ್ಯೂಕ್ಲಿಯಸ್‌ನಲ್ಲಿ ಈ ಎನ್‌ಹ್ಯಾನ್ಸರ್ ಮೇಲೆ ಯಾರ್ಯಾರು ಕೂತಿರುತ್ತಾರೆ?

ಶೇ. 30: ಬೈಕಾಯ್ಡ್ ಚೆನ್ನಾಗಿದೆ, ಹಂಚ್‌ಬ್ಯಾಕ್ ಇದೆ, ಜೈಂಟ್ ಕೂಡ ಇದೆ. ಆಫ್.
ಶೇ. 40: ಬೈಕಾಯ್ಡ್ ಸಾಕಷ್ಟಿದೆ, ಹಂಚ್‌ಬ್ಯಾಕ್ ಇದೆ, ಜೈಂಟ್ ಇಲ್ಲ, ಕ್ರೂಪೆಲ್ ಕಡಿಮೆ. ಆನ್.
ಶೇ. 50: ಬೈಕಾಯ್ಡ್ ಇಳಿದಿದೆ, ಹಂಚ್‌ಬ್ಯಾಕ್ ಇಳಿಯುತ್ತಿದೆ, ಕ್ರೂಪೆಲ್ ತುಂಬಿದೆ. ಆಫ್.
ಶೇ. 75: ಆನ್ ಮಾಡುವವರೇ ಇಲ್ಲ. ಆಫ್.

ಮೊದಲ ಮತ್ತು ಕೊನೆಯ ಆಫ್ ಒಂದೇ ಅಲ್ಲ ಅನ್ನುವುದನ್ನು ಗಮನಿಸಿ. ಶೇ. 30ರಲ್ಲಿ ಆನ್ ಮಾಡುವವರು ಇದ್ದೂ ತಡೆ ಬಿದ್ದಿದೆ. ಶೇ. 75ರಲ್ಲಿ ಆನ್ ಮಾಡುವವರೇ ಇಲ್ಲ, ಹಾಗಾಗಿ ತಡೆಯಬೇಕಾದ ಅಗತ್ಯವೇ ಇಲ್ಲ. ವೈವಾದಲ್ಲಿ ಇದನ್ನು ಕೇಳುತ್ತಾರೆ.

ಇಲ್ಲಿ ಎಲ್ಲರಿಗೂ ಬರುವ ಅನುಮಾನ: ಕ್ರೂಪೆಲ್ ಎರಡನೇ ಪಟ್ಟೆಯ ಎನ್‌ಹ್ಯಾನ್ಸರ್ ಮೇಲೆ ಕೂತು ಈವ್ ಜೀನನ್ನು ಆಫ್ ಮಾಡಿದರೆ, ಅದೇ ನ್ಯೂಕ್ಲಿಯಸ್‌ನಲ್ಲಿ 3ನೇ ಪಟ್ಟೆ ಆನ್ ಆಗುವುದು ಹೇಗೆ? ಜೀನ್ ಒಂದೇ ತಾನೇ? ಉತ್ತರ ಚೆನ್ನಾಗಿದೆ. ಕ್ರೂಪೆಲ್, ಜೈಂಟ್ ಇವುಗಳ ತಡೆಯ ಅಳತೆ ಚಿಕ್ಕದು, ಸುಮಾರು 100 ಅಕ್ಷರದಷ್ಟು ದೂರ ಮಾತ್ರ. ಪಕ್ಕದಲ್ಲಿ ಕೂತ ಆಕ್ಟಿವೇಟರ್ ಬಾಯಿ ಮುಚ್ಚಿಸಬಲ್ಲವು, ಅಷ್ಟೇ. 3ನೇ ಪಟ್ಟೆಯ ಎನ್‌ಹ್ಯಾನ್ಸರ್ ಸುಮಾರು 1,700 ಅಕ್ಷರ ಆಚೆ ಇದೆ. ಅಲ್ಲಿಗೆ ಇದರ ಕೈ ಎಟುಕುವುದಿಲ್ಲ. ಅದಕ್ಕೇ ಒಂದು ಜೀನ್ ಏಳು ಪಟ್ಟೆಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಮೂಡಿಸಬಲ್ಲದು. ಎಲ್ಲ ರಿಪ್ರೆಸರ್‌ಗಳೂ ಹೀಗಲ್ಲ. ಹೇರಿ ಎಂಬ ಪ್ರೋಟೀನ್ ಇನ್ನೂ ದೂರದಿಂದಲೇ ತಡೆಯುತ್ತದೆ.

ಇನ್ನೊಂದು: ಪ್ರೋಟೀನಿನ ಹಣೆ ಮೇಲೆ "ಆಕ್ಟಿವೇಟರ್" ಎಂದು ಶಾಶ್ವತವಾಗಿ ಬರೆದಿಡಬೇಡಿ. ಎರಡನೇ ಪಟ್ಟೆಗೆ ನೆರವಾಗುವ ಹಂಚ್‌ಬ್ಯಾಕ್ 3ನೇ ಪಟ್ಟೆಯ ಎನ್‌ಹ್ಯಾನ್ಸರ್‌ನಲ್ಲಿ ತಡೆಯುವ ಕೆಲಸ ಮಾಡುತ್ತದೆ. ಯಾವ ಎನ್‌ಹ್ಯಾನ್ಸರ್ ಎಂದು ಹೇಳದೆ ಯಾವ ಪಾತ್ರ ಎಂದು ಹೇಳುವಂತಿಲ್ಲ.

ಹಂತ 6: ಕೆಡಿಸಿದರೆ ಏನಾಗುತ್ತದೆ, ಮೊದಲು ಊಹಿಸಿ ಆಮೇಲೆ ನೋಡಿ

ಇಲ್ಲಿವರೆಗೆ ಮಾಡಿದ್ದೆಲ್ಲ ಊಹೆ. ಪುರಾವೆ ಸಿಗುವುದು ಕೆಡಿಸಿದಾಗ. ಕೆಳಗಿನ ಉತ್ತರ ಓದುವ ಮೊದಲು ಕೈ ಅಡ್ಡ ಇಟ್ಟುಕೊಂಡು ನಿಮ್ಮ ಊಹೆ ಬರೆಯಿರಿ.

ಜೈಂಟ್ ಇಲ್ಲದ ಭ್ರೂಣದಲ್ಲಿ? ಪಟ್ಟೆ ತಲೆಯ ಕಡೆಗೆ ಹರಡುತ್ತದೆ. ಕ್ರೂಪೆಲ್ ಇಲ್ಲದಿದ್ದರೆ? ಹಿಂದಕ್ಕೆ ಹರಡುತ್ತದೆ. ತಾಯಿಯಿಂದ ಬೈಕಾಯ್ಡ್ ಬರದಿದ್ದರೆ? ಎರಡನೇ ಪಟ್ಟೆಯೇ ಇಲ್ಲ.

ಆದರೆ ಇದರಲ್ಲೊಂದು ತೊಡಕಿದೆ. ಬೈಕಾಯ್ಡ್ ತೆಗೆದರೆ ಹಂಚ್‌ಬ್ಯಾಕ್, ಜೈಂಟ್ ಎಲ್ಲವೂ ಏರುಪೇರಾಗುತ್ತವೆ. ಹಾಗಾಗಿ ಪಟ್ಟೆ ಹೋಗಿದ್ದು ನೇರವಾಗಿ ಬೈಕಾಯ್ಡ್‌ನಿಂದಲೋ, ಬಳಸು ದಾರಿಯಲ್ಲೋ ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಪ್ರೋಟೀನನ್ನು ಮುಟ್ಟದೆ ತಾಣವನ್ನು ಮಾತ್ರ ಕೆಡಿಸಬೇಕು. 1990ರ ದಶಕದ ಶುರುವಿನಲ್ಲಿ ಮೈಕೆಲ್ ಲೆವಿನ್ ಮತ್ತು ಸ್ಟೀಫನ್ ಸ್ಮಾಲ್ ಅವರ ತಂಡ ಮಾಡಿದ್ದು ಇದನ್ನೇ. ಎನ್‌ಹ್ಯಾನ್ಸರ್ ತುಂಡನ್ನು ಒಂದು ರಿಪೋರ್ಟರ್ ಜೀನಿಗೆ, ಅಂದರೆ ಆನ್ ಆದರೆ ಕಣ್ಣಿಗೆ ಕಾಣುವಂಥ ಜೀನಿಗೆ, ಜೋಡಿಸಿ ನೊಣಕ್ಕೆ ಸೇರಿಸಿದರು. ಜೈಂಟ್ ತಾಣಗಳನ್ನು ಕೆಡಿಸಿದಾಗ ಪಟ್ಟೆಯ ಮುಂದಿನ ಗಡಿ ಸಡಿಲವಾಯಿತು. ಆಕ್ಟಿವೇಟರ್‌ಗಳ ಕೆಲವು ತಾಣಗಳಲ್ಲಿ ಒಂದನ್ನು ಕೆಡಿಸಿದರೂ ಪಟ್ಟೆ ತುಂಬಾ ಸೊರಗಿತು.

ಜೈಂಟ್ ತೆಗೆದರೂ ಪಟ್ಟೆ ತಲೆಯ ತುದಿವರೆಗೆ ಹೋಗುವುದಿಲ್ಲ ಅನ್ನುವುದನ್ನೂ ಬರೆದುಕೊಳ್ಳಿ. ಅಲ್ಲಿ ಸ್ಲಾಪಿ-ಪೇರ್ಡ್‌ನಂಥ ಇನ್ನೂ ಕೆಲವರು ತಡೆಯುತ್ತಾರೆ. ನಾಲ್ಕು ಪ್ರೋಟೀನಿನ ಈ ಚಿತ್ರ ಸರಿ, ಪೂರ್ತಿ ಅಲ್ಲ.

"ಮುಖ್ಯವಾದ ತಾಣ ಎಲ್ಲ ಜಾತಿಗಳಲ್ಲೂ ಹಾಗೇ ಉಳಿದಿರುತ್ತದೆ" ಎಂಬ ನಂಬಿಕೆಗೂ ಇಲ್ಲಿ ಪೆಟ್ಟು ಬೀಳುತ್ತದೆ. ಡ್ರೊಸೊಫಿಲಾ ಸ್ಯೂಡೊಆಬ್‌ಸ್ಕ್ಯೂರಾ ಎಂಬ ಸಂಬಂಧಿ ನೊಣದಲ್ಲೂ ಎರಡನೇ ಪಟ್ಟೆ ಸರಿಯಾಗಿಯೇ ಮೂಡುತ್ತದೆ, ಆದರೆ ತಾಣಗಳು ಅಲ್ಲಲ್ಲಿ ಬೇರೆ. ಎರಡು ಜಾತಿಗಳ ಎನ್‌ಹ್ಯಾನ್ಸರ್‌ನ ಅರ್ಧರ್ಧ ಸೇರಿಸಿ ಮಾಡಿದ ತುಂಡು ಪಟ್ಟೆಯನ್ನು ಸರಿಯಾಗಿ ಮೂಡಿಸಲಿಲ್ಲ ಎಂದು 2000ದಲ್ಲಿ ತೋರಿಸಿದರು. ಒಂದು ತಾಣ ಹೋದದ್ದನ್ನು ಇನ್ನೊಂದು ತುಂಬಿಕೊಟ್ಟಿರುತ್ತದೆ.

ಹಂತ 7: ಭ್ರೂಣವನ್ನೇ ನೋಡಬೇಕೆಂದರೆ

ಇದಕ್ಕೆ ಲ್ಯಾಬ್ ಬೇಕು. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ಆವರಣದಲ್ಲೂ ನೊಣದ ಸೌಲಭ್ಯ ಇದೆ. ನಿಮ್ಮ ವಿಭಾಗದ ಮೂಲಕ ಕೇಳಿ. ರಿಪೋರ್ಟರ್ ಸೇರಿಸಿದ ನೊಣ ಸಾಕುವುದಾದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಇರಬೇಕು.

ಎರಡೇ ಕಿವಿಮಾತು. ಒಂದು ಗಂಟೆ ಮೊಟ್ಟೆ ಇಡಲು ಬಿಟ್ಟು, ಆಮೇಲೆ ಎರಡು ಗಂಟೆ ಕಾದರೆ ಎರಡರಿಂದ ಮೂರು ಗಂಟೆ ವಯಸ್ಸಿನ ಭ್ರೂಣ ಸಿಗುತ್ತದೆ. ಈ ಲೆಕ್ಕ 25 ಡಿಗ್ರಿಗೆ. 18 ಡಿಗ್ರಿಯಲ್ಲಿ ಬೆಳವಣಿಗೆಗೆ ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಹಿಡಿಯುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಇನ್‌ಕ್ಯುಬೇಟರ್ ಇಲ್ಲದೆ ಮೇಜಿನ ಮೇಲಿಟ್ಟರೆ ನಿಮ್ಮ ಲೆಕ್ಕ ಕೆಟ್ಟಿತೆಂದೇ ಅರ್ಥ. ಎರಡನೆಯದು, ಆ ದಿನ ನೊಣಗಳು ಮೊದಲು ಮೊಟ್ಟೆ ಇಟ್ಟ ತಟ್ಟೆ ಎಸೆಯಿರಿ. ಹೆಣ್ಣು ನೊಣಗಳು ಫಲಿತ ಮೊಟ್ಟೆಯನ್ನು ಒಳಗೇ ಇಟ್ಟುಕೊಂಡಿರುತ್ತವೆ, ಆ ಭ್ರೂಣಗಳ ವಯಸ್ಸು ನೀವಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ.

ಇದಾದ ಮೇಲೆ ಯಾವ ಜೀನ್?

ರಾಂಬಾಯ್ಡ್ ತೆಗೆದುಕೊಳ್ಳಿ. ಹಾಳೆ ಅದೇ, ದಿಕ್ಕು ಮಾತ್ರ ಬೇರೆ. ತಲೆಯಿಂದ ಬಾಲಕ್ಕೆ ಬದಲು ಹೊಟ್ಟೆಯಿಂದ ಬೆನ್ನಿಗೆ ಗೆರೆ ಎಳೆಯಿರಿ. ಬೈಕಾಯ್ಡ್ ಜಾಗದಲ್ಲಿ ಡಾರ್ಸಲ್ ಎಂಬ ಪ್ರೋಟೀನ್, ಹೊಟ್ಟೆಯ ಕಡೆ ನ್ಯೂಕ್ಲಿಯಸ್‌ಗಳಲ್ಲಿ ಜಾಸ್ತಿ, ಬೆನ್ನಿನ ಕಡೆ ಇಲ್ಲ. ಜೊತೆಗೆ ಆನ್ ಮಾಡಲು ಟ್ವಿಸ್ಟ್, ಆಫ್ ಮಾಡಲು ಹೊಟ್ಟೆಯ ನಡುಭಾಗದಲ್ಲಿ ಸ್ನೇಲ್. ಎನ್‌ಹ್ಯಾನ್ಸರ್ ಸುಮಾರು 300 ಅಕ್ಷರ. ನಕ್ಷೆ ಬರೆದು ಪಟ್ಟೆ ಎಲ್ಲಿ ಬರುತ್ತದೆ, ಒಂದು ಬರುತ್ತದೋ ಎರಡೋ ಎಂದು ಊಹಿಸಿ, ಆಮೇಲೆ ಫ್ಲೈಬೇಸ್‌ನಲ್ಲಿ ಭ್ರೂಣದ ಚಿತ್ರ ತೆಗೆದು ನೋಡಿ. ಡಾರ್ಸಲ್‌ಗೆ ಒಂದು ಎಚ್ಚರಿಕೆ ಇದೆ: ಅದು ಮೊಟ್ಟೆಯ ಎಲ್ಲ ಕಡೆಯೂ ಇರುತ್ತದೆ, ವ್ಯತ್ಯಾಸ ಇರುವುದು ನ್ಯೂಕ್ಲಿಯಸ್ ಒಳಗೆ ಹೋಗಿದೆಯೋ ಹೊರಗೇ ನಿಂತಿದೆಯೋ ಅನ್ನುವುದರಲ್ಲಿ. ನಕ್ಷೆಯಲ್ಲಿ ಒಳಗೆ ಹೋದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.